ಉಚ್ಚೆ ಮೇಡಂ ಮತ್ತು ನಾಟಿ ಮೇಸ್ತ್ರಿ

ತಿ. ನರಸೀಪುರದ ಕಡೆಯ ಹಳ್ಳಿಗಳಲ್ಲಿ ನನ್ನನ್ನು ಉಚ್ಚೆ ಮೇಡಂ ಎಂದು ಕರೆಯುತ್ತಿದ್ದರು. ಎದುರಿಗೇ, ಗೌರವದಿಂದಲೇ ಕರೆಯುತ್ತಿದ್ದರು. ನಾನು ಬಸ್ಸಿಳಿದ ಕೂಡಲೇ ಕಟ್ಟೆಯ ಮೇಲೆ ಕೂತವರು "ಉಚ್ಚೆ ಮೇಡಂ ಬಂದ್ರು ಕಣ್ಲಾ, ಮನೇಲ್ ಏಳೋಗು" ಎಂದು ಸುದ್ದಿ ದಾಟಿಸುತ್ತಿದ್ದರು. ನಂಜನಗೂಡು ತಾಲ್ಲೂಕಿನವರು ಸ್ವಲ್ಪ ನಾಜೂಕು. ಅಲ್ಲಿ ನಾನು ಕಿಡ್ನಿಯವರು. ಎರಡು ಹೆಸರಿಗೂ ಓಗೊಡುತ್ತಾ ನಿವೃತ್ತಿಯವರೆಗೆ ಬಂದೆ.

ಮೈಸೂರಿನ ಒಂದು ವೈದ್ಯಕೀಯ ಕಾಲೇಜಿನವರು ಈ ಎರಡು ತಾಲ್ಲೂಕುಗಳಲ್ಲಿ ಮೂತ್ರಪಿಂಡದ ಕಾಯಿಲೆಯೂ ಕಲ್ಲೂ ಯಾರಿಗೆ ಬರುತ್ತವೆ, ಯಾಕೆ ಬರುತ್ತವೆ ಎಂದು ವರ್ಷಗಟ್ಟಲೆ ಅಧ್ಯಯನ ನಡೆಸಿದರು. ನಾನು ಅದರಲ್ಲಿ ಕ್ಷೇತ್ರ ಕಾರ್ಯಕರ್ತೆಯಾಗಿ ಸೇರಿ ಮೇಲ್ವಿಚಾರಕಿಯಾಗಿ ಹೊರಬಂದೆ. ನಡುವೆ ಸಿಕ್ಕ ಬಡ್ತಿಗಳಿಂದ ನನ್ನ ಹೆಗಲ ಚೀಲದ ತೂಕವೇನೂ ಇಳಿಯಲಿಲ್ಲವಾದ್ದರಿಂದ ಅವನ್ನು ಇಲ್ಲಿ ಬಿಟ್ಟಿದ್ದೇನೆ. ಈಗ ಹೊಸಬರು ಸೇರಿದ್ದಾರೆ, ನಿಮ್ಮ ಅನುಭವ ಬರೆದುಕೊಡಿ ಎಂದು ಕೇಳಿದ್ದಾರೆ. ಬರೆಯುವುದರಲ್ಲಿ ಬಹುಪಾಲು ನಗುವಂಥದ್ದೇ. ನಗಲಾರದ್ದು ಒಂದೇ, ಅದು ನಾಟಿ ಮೇಸ್ತ್ರಿ ಕೆಂಪಮ್ಮನ ವಿಷಯ. ಅವಳ ಮೂತ್ರಪಿಂಡಗಳು ಉಳಿಯುತ್ತವೋ ಇಲ್ಲವೋ ಎನ್ನುವುದು ನನ್ನ ನೌಕರಿಯ ಕೊನೆಯ ವರ್ಷಗಳನ್ನೆಲ್ಲ ತಿಂದುಹಾಕಿತು. ಅದು ಅರ್ಥವಾಗಬೇಕಾದರೆ ನಾವು ಕೆಲಸ ಮಾಡುತ್ತಿದ್ದ ರೀತಿ ಮೊದಲು ಗೊತ್ತಿರಬೇಕು.

ರಕ್ತ ತೆಗೆಯುತ್ತಿದ್ದೆವು, ಬಿಪಿ ನೋಡುತ್ತಿದ್ದೆವು, ಉದ್ದುದ್ದ ಪ್ರಶ್ನೆ ಕೇಳುತ್ತಿದ್ದೆವು. ಕೊನೆಗೆ ಒಂದು ದೊಡ್ಡ ಬಿಳಿ ಪ್ಲಾಸ್ಟಿಕ್ ಕ್ಯಾನ್ ಕೊಟ್ಟು, ಇವತ್ತು ಬೆಳಿಗ್ಗೆಯಿಂದ ನಾಳೆ ಬೆಳಿಗ್ಗೆವರೆಗೆ ಹೋದದ್ದನ್ನೆಲ್ಲ ಇದರಲ್ಲೇ ಹಿಡಿಯಿರಿ ಎನ್ನುತ್ತಿದ್ದೆವು. ಒಂದು ಸಲ ತಪ್ಪಿದರೂ ಲೆಕ್ಕ ಕೆಡುತ್ತದೆ. ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟವರು ಸ್ವತಃ ಆ ಕ್ಯಾನ್ ಹಿಡಿದುಕೊಂಡು ಕಬ್ಬಿನ ಗದ್ದೆಯ ಕಡೆ ಹೋದವರಂತೆ ಕಾಣಲಿಲ್ಲ.

ನನ್ನ ಮೊದಲ ಕ್ಯಾನ್ ಹೆಡತಲೆ ಎಂಬ ಊರಿನ ಸಿದ್ದಮ್ಮ ಎನ್ನುವವರ ಮನೆಯದು. ಮಾರನೆಯ ಬೆಳಿಗ್ಗೆ ಹೋದಾಗ ಆಕೆ ಅದನ್ನು ಅಡುಗೆಮನೆಯಿಂದ ತಂದರು. ಎತ್ತಿದರೆ ಭಾರ ಸರಿಯಾಗಿತ್ತು, ಅಲುಗಿಸಿದರೆ ಸದ್ದು ಸರಿಯಿರಲಿಲ್ಲ. ಮುಚ್ಚಳ ತೆಗೆದೆ. ಒಳಗೆ ಅವರೇಕಾಯಿ ಇತ್ತು.

"ಅದ್ನ ಎಂಗವ್ವ ಕೈಗ್ ಕೊಡೋದು, ಅಸಯ್ಯ" ಎಂದರು ಸಿದ್ದಮ್ಮ. "ಎಲ್ಲ ಚೆಲ್ಬುಟ್ಟು ಸೀಗೆಪುಡಿ ಆಕಿ ತಿಕ್ಕಿ ತೊಳ್ದಿವ್ನಿ. ಇನ್ನೊಬ್ರ ಮನೆ ಪಾತ್ರೆ ಬರಿದು ಕೊಡಕಾಯ್ತದಾ? ಅದ್ಕೇ ವಸಿ ಕಾಯಿ ಆಕಿವ್ನಿ."

ನಮ್ಮ ಕಡೆ ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ಹಿಂದಕ್ಕೆ ಕಳಿಸುವುದಿಲ್ಲ. ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತಾರೆ. ನಾನೂ ಹಾಗೇ ಬೆಳೆದವಳು, ಆದರೂ ಈ ಕ್ಯಾನಿಗೂ ಅದು ಅನ್ವಯಿಸೀತು ಎಂದು ಹೊಳೆದಿರಲಿಲ್ಲ. ಅವರೇಕಾಯಿಯನ್ನು ಕಚೇರಿಗೆ ಒಪ್ಪಿಸಬೇಕೇ ಬೇಡವೇ ಎಂಬುದಕ್ಕೆ ನಿಯಮ ಇರಲಿಲ್ಲ. ನಂಜನಗೂಡಿನ ನಮ್ಮ ಮನೆಗೆ ತಂದು ಸಾರು ಮಾಡಿದೆ. ಅತ್ತೆಯವರು ಚೆನ್ನಾಗಿದೆ, ಎಲ್ಲಿಯ ಕಾಯಿ ಎಂದು ಕೇಳಿದರು. ಹೆಡತಲೆಯದು ಎಂದೆ. ಅದಕ್ಕಿಂತ ಹೆಚ್ಚಿಗೆ ಅವರೂ ಕೇಳಲಿಲ್ಲ.

ತಾಂಡವಪುರದಲ್ಲಿ ಇದರ ತಿರುಗುಮುರುಗು. ಅಲ್ಲಿಯ ರೈತರೊಬ್ಬರ ಕ್ಯಾನ್ ಕಂಠಮಟ್ಟ ತುಂಬಿತ್ತು. ಮೈಯ ಸ್ನಾಯುಗಳಿಂದ ಬಂದು ಮೂತ್ರದಲ್ಲಿ ಹೋಗುವ ಕ್ರಿಯಾಟಿನಿನ್ ಎಂಬ ಕಸದ ಪ್ರಮಾಣ ನೋಡಿದರೆ ಸಂಗ್ರಹ ಸರಿಯಾಗಿದೆಯೇ ಎಂದು ಪ್ರಯೋಗಾಲಯದವರಿಗೆ ಗೊತ್ತಾಗುತ್ತದೆ. ನಮ್ಮ ಮುಖ್ಯಸ್ಥರಾದ ಡಾಕ್ಟರ್ ಅನಂತಸ್ವಾಮಿ ನನ್ನನ್ನು ಕರೆದು, "ಗಿರಿಜಾ, ಈ ಮನುಷ್ಯ ಒಂದೋ ಪೈಲ್ವಾನ, ಇಲ್ಲ ಒಬ್ಬನಲ್ಲ" ಎಂದರು. ಹೋಗಿ ವಿಚಾರಿಸಿದೆ. ಅರ್ಧ ಕ್ಯಾನ್ ಕೊಟ್ಟರೆ ಮನೆಯ ಮರ್ಯಾದೆಗೆ ಕಡಿಮೆ ಎಂದು ತಮ್ಮನೂ ಅಪ್ಪನೂ ಸೇರಿ ತುಂಬಿಸಿಕೊಟ್ಟಿದ್ದರು.

"ತಪ್ಪಾಯ್ತಾ ಮೇಡಂ? ಒಂದೇ ರಕ್ತ ಅಲ್ವರಾ ನಮ್ದು?" ಎಂದು ಆ ರೈತರು ಕೇಳಿದರು. ಇನ್ನೊಂದು ಕ್ಯಾನ್ ಕೊಟ್ಟು ಬಂದೆ.

ಆಗ ಜೀಪ್ ಇರಲಿಲ್ಲ. ಕ್ಯಾನುಗಳನ್ನು ಬಸ್ಸಿನಲ್ಲೇ ತರಬೇಕು. ಒಬ್ಬ ಕಂಡಕ್ಟರು ಎಣ್ಣೆಗೆ ಲಗೇಜ್ ಹಾಕುತ್ತೇನೆ ಎಂದ. ಎಣ್ಣೆಯಲ್ಲ ಎಂದೆ. ಹಾಗಾದರೆ ತುಪ್ಪವೇ ಎಂದು ಪಕ್ಕದಲ್ಲಿದ್ದ ಹೆಂಗಸು ಕೇಳಿ, ಯಾವ ಡೈರಿಯದು ಎಂದು ಮುಂದುವರಿಸಿದಳು. ಇರುವುದನ್ನು ಇದ್ದ ಹಾಗೆ ಹೇಳಿದೆ. ನಂಜನಗೂಡು ಬರುವವರೆಗೆ ನನ್ನ ಸೀಟಿನಲ್ಲಿ ಬೇರೆ ಯಾರೂ ಕೂರಲಿಲ್ಲ. ಆ ಮಾರ್ಗದಲ್ಲಿ ನಾನು ಸಾಮಾನ್ಯವಾಗಿ ನಿಂತೇ ಪ್ರಯಾಣ ಮಾಡಿದವಳು.

ಕಲ್ಲಿನ ರೋಗಿಗಳು ಬೇರೆಯೇ ಜಾತಿ. ಅವರಿಗೆ ತಮ್ಮ ಕಲ್ಲಿನ ಮೇಲೆ ಅಭಿಮಾನ. ಮಾದಪ್ಪನವರು ಎಂಬ ಹಿರಿಯರು ಬಾಳೆದಿಂಡಿನ ರಸ ಕುಡಿದು, ಹುರುಳಿ ಬೇಯಿಸಿದ ನೀರು ಕುಡಿದು, ನೆಲದ ಮೇಲೆ ಹೊರಳಾಡಿ ಕೊನೆಗೂ ಹೊರಹಾಕಿದ ಕಲ್ಲನ್ನು ನಶ್ಯದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ವಾಪಸ್ಸು ಕೊಡುವ ಮಾತಿನ ಮೇಲೆ ಪರೀಕ್ಷೆಗೆ ಕೊಟ್ಟರು. ಕಲ್ಲನ್ನು ಪುಡಿ ಮಾಡದೆ ಪರೀಕ್ಷೆ ಮಾಡಲಾಗುವುದಿಲ್ಲ ಎನ್ನುವುದು ನನಗೆ ಗೊತ್ತಿರಲಿಲ್ಲ, ಮಾತು ಕೊಟ್ಟುಬಿಟ್ಟಿದ್ದೆ. ಪ್ರಯೋಗಾಲಯದವರು ನನ್ನ ಗೋಳು ನೋಡಲಾರದೆ ಯಾರದೋ ಬೇರೆ ಕಲ್ಲನ್ನು ಡಬ್ಬಿಗೆ ಹಾಕಿ ಕಳಿಸಿದರು. ಮಾದಪ್ಪನವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದರು.

"ಇದು ನಂದಲ್ಲ. ನಂದು ಮುಳ್ಮುಳ್ಳಾಗಿತ್ತು."

ನಾನು ನಡೆದದ್ದನ್ನು ಹೇಳಿದೆ. ಅವರು ಕಲ್ಲನ್ನು ಡಬ್ಬಿಗೆ ಹಾಕಿದರು. "ಇರ್ಲಿ ಬುಡಿ. ಇದ್ಯಾರ್ದೋ, ಪಾಪ, ಅವ್ರೂ ನೋವ್ ತಿಂದಿರ್ತಾರೆ" ಎಂದು ಡಬ್ಬಿ ಮುಚ್ಚಿ ಜೇಬಿಗೆ ಹಾಕಿಕೊಂಡರು. ನನಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು.

ಆಮೇಲೆ ಜೀಪ್ ಬಂತು. ಕಾಗದ ಹೋಗಿ ಟ್ಯಾಬ್ ಬಂತು. ಬಹಳ ಕಡೆ ಕ್ಯಾನ್ ಹೋಗಿ ಒಂದು ಸಣ್ಣ ಡಬ್ಬಿ ಸಾಕಾಯಿತು. ಬದಲಾಗದೆ ಉಳಿದದ್ದು ಪ್ರಶ್ನೆ ಕೇಳುವ ರೀತಿ. ಏಕಾಂತದಲ್ಲಿ ಕೇಳಬೇಕು ಎಂದು ಸೂಚನೆಯಲ್ಲಿತ್ತು. ಹಳ್ಳಿಯ ಜಗಲಿಯಲ್ಲಿ ಟ್ಯಾಬ್ ತೆಗೆದರೆ ಅತ್ತೆ, ನಾದಿನಿ, ಪಕ್ಕದ ಮನೆಯವರು, ಹಾಲು ಹಾಕಲು ಹೊರಟವನು ಎಲ್ಲರೂ ಬಂದು ಕೂರುತ್ತಾರೆ. ನೀವು ಬೀಡಿ ಸೇದುತ್ತೀರಾ ಎಂದು ಕೇಳಿದರೆ ಉತ್ತರವನ್ನು ಸಭೆಯೇ ಕೊಡುತ್ತದೆ.

ಕೆಂಪಮ್ಮನನ್ನು ಕೇಳಿದ್ದೂ ಇಂಥ ಸಭೆಯಲ್ಲೇ. ತಿ. ನರಸೀಪುರದಿಂದ ಆಚೆ, ನಾಲೆ ನೀರಿನ ಬಯಲಿನ ಒಂದು ಊರು. ನಾಟಿ, ಕಳೆ, ಕೊಯ್ಲು ಎಂದು ಗುತ್ತಿಗೆಗೆ ಹೋಗುವ ಹೆಂಗಸರ ಗುಂಪಿಗೆ ಅವಳು ಮೇಸ್ತ್ರಿ. ಸಣಕಲು ಆಳು, ಗಂಟಲು ಮಾತ್ರ ದೊಡ್ಡದು. ನಾಟಿ ಮಾಡುವಾಗ ಹೆಂಗಸರು ಸಾಲಾಗಿ ನಿಂತು, ಬಗ್ಗಿ, ಪೈರು ನೆಡುತ್ತಾ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾರೆ. ಬದುವಿನ ಪಕ್ಕ ತುದಿಯಲ್ಲಿ ನಿಂತವಳು ಎಷ್ಟು ಬೇಗ ಸರಿಯುತ್ತಾಳೋ ಉಳಿದವರು ಅಷ್ಟು ಬೇಗ ಸರಿಯಬೇಕು. ಅದನ್ನು ಅವರು ಸಾಲು ಎಳೆಯುವುದು ಎನ್ನುತ್ತಿದ್ದರು. ಆ ಜಾಗ ಕೆಂಪಮ್ಮನದು.

ಆ ಗುಂಪಿನ ಹಲವರ ರಕ್ತದ ಫಲಿತಾಂಶ ಸರಿಯಿರಲಿಲ್ಲ. ಕೆಂಪಮ್ಮನದು ಎಲ್ಲರಿಗಿಂತ ಕೆಟ್ಟಿತ್ತು. ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ, ಕಲ್ಲೂ ಇಲ್ಲ. ಮಾತ್ರೆ, ಔಷಧಿ ಏನಾದರೂ ತಗೋತೀರಾ ಎಂದರೆ ಇಲ್ಲ. ನಿಮ್ಮ ಕಿಡ್ನಿ ಅರ್ಧಕ್ಕಿಂತ ಕಡಿಮೆ ಕೆಲಸ ಮಾಡುತ್ತಿದೆ ಎಂದು ಅವಳಿಗೆ ತಿಳಿಸಲು ಹೋದವಳು ನಾನೇ.

"ಉಳ್ದಿರದು ಏನ್ ಮಾಡ್ತಾ ಅದೆ?" ಎಂದು ಕೇಳಿದಳು.

"ಎಲ್ಲ ಕೆಲಸಾನೂ ಅದೇ ಮಾಡ್ತಿದೆ."

"ಅಂಗಾರೆ ಸರಿ. ನಮ್ಮನೇಲೂ ಅಂಗೇಯ" ಎಂದು ಮನೆಯ ಒಳಗೆ ಮಲಗಿದ್ದ ಗಂಡನ ಕಡೆ ನೋಡಿದಳು.

ಡಾಕ್ಟರ್ ಅನಂತಸ್ವಾಮಿಯವರ ಮಾತು ಇಷ್ಟೇ: ಕಳೆದುಹೋದದ್ದು ಬರುವುದಿಲ್ಲ, ಕಾರಣ ಗೊತ್ತಾಗಿ ಅದನ್ನು ನಿಲ್ಲಿಸಿದರೆ ಉಳಿದದ್ದು ಉಳಿಯಬಹುದು, ನಿಲ್ಲಿಸದಿದ್ದರೆ ಡಯಾಲಿಸಿಸ್. ಅವರಿಗೆ ನೀರಿನ ಮೇಲೆ ಅನುಮಾನ. ಒಳ್ಳೆಯ ಮನುಷ್ಯ, ಯಾರ ಮೇಲೂ ದನಿ ಎತ್ತಿದವರಲ್ಲ, ಆದರೆ ಯಾವ ಕಾಯಿಲೆ ಕಂಡರೂ ಮೊದಲು ನೀರನ್ನೇ ಹಿಡಿಯುತ್ತಿದ್ದರು. ಆ ಊರಿನ ಎಲ್ಲ ಬೋರ್‌ವೆಲ್ಲುಗಳ, ನಾಲೆಯ, ಓವರ್‌ಹೆಡ್ ಟ್ಯಾಂಕಿನ ನೀರನ್ನು ಬಾಟಲಿಗಳಲ್ಲಿ ಹೊತ್ತು ತಂದೆವು. ನೀರಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ಇನ್ನೊಮ್ಮೆ ತನ್ನಿ ಎಂದರು. ಇನ್ನೊಮ್ಮೆ ತಂದೆವು.

ಮತ್ತೆ ರಕ್ತ ತೆಗೆಯಬೇಕಿತ್ತು. ನಾಟಿಯ ಕಾಲದಲ್ಲಿ ಕೆಂಪಮ್ಮ ಮನೆಯಲ್ಲಿ ಸಿಗುವುದಿಲ್ಲ. ಚೀಲ ಹೊತ್ತು ಗದ್ದೆಗೇ ಹೋದೆ. ಬದುವಿನ ಮೇಲೆ ಎರಡು ಸಲ ಜಾರಿದೆ. ನಾನು ತಲುಪಿದಾಗ ಅವರಿಗೆ ಟೀ ಹೊತ್ತು. ಹೆಂಗಸರು ಕೆಸರುಕೈ ತೊಳೆದುಕೊಂಡು ಬದುವಿನ ಮೇಲೆ ಸಾಲಾಗಿ ಕೂತರು. ಕೆಂಪಮ್ಮ ಕ್ಯಾರಿಯರಿನಿಂದ ಟೀ ಬಗ್ಗಿಸಿ ಲೋಟ ಕೊಡುತ್ತಾ ಬಂದಳು. ಸೆರಗಿನ ಗಂಟಿನಿಂದ ಏನೋ ತೆಗೆದು ಒಬ್ಬೊಬ್ಬರ ಅಂಗೈಗೂ ಹಾಕುತ್ತಿದ್ದಳು. ನನ್ನ ಸರದಿ ಬಂದಾಗ ನನಗೂ ಹಾಕಿದಳು.

"ತಗಳಿ ಮೇಡಂ. ಜಾರಿ ಬಂದಿದೀರಿ, ಸೊಂಟ ಇಡ್ಕಂಡಿರ್ತದೆ."

ಕೊಟ್ಟದ್ದನ್ನು ಬೇಡ ಎನ್ನಬಾರದೆಂದು ಬಾಯಿಗೆ ಹಾಕಿಕೊಂಡು ಟೀ ಕುಡಿದೆ. ಮೂತ್ರಪಿಂಡದ ಕಾಯಿಲೆಗೆ ಕಾರಣ ಹುಡುಕುತ್ತಾ ಎರಡು ತಾಲ್ಲೂಕು ಸುತ್ತಿದವಳು, ಆ ಕಾರಣವನ್ನು ನುಂಗಿ, ಟೀ ಚೆನ್ನಾಗಿದೆ ಎಂದೂ ಹೇಳಿದೆ. ಅರ್ಧ ಲೋಟ ಮುಗಿದ ಮೇಲೆ ಕೇಳಿದೆ, "ಕೆಂಪಮ್ಮ, ಈಗ ಕೊಟ್ಟದ್ದೇನು?"

"ನೋವಿಂದು. ಅಂಗ್ಡೀಲಿ ಸಿಗ್ತದಲ್ಲ."

"ಮಾತ್ರೆ ತಗೋತೀರಾ ಅಂತ ಕೇಳಿದ್ದಕ್ಕೆ ಇಲ್ಲ ಅಂದಿದ್ರಲ್ಲ?"

ಅವಳಿಗೆ ನನ್ನ ದಡ್ಡತನ ನೋಡಿ ಬೇಜಾರಾಯಿತು. "ಮಾತ್ರೆ ಕಾಯ್ಲೆಗೆ ತಗಳದು ಕಣವ್ವ. ಇದು ಟೀ ಜೊತೇದು. ನಮ್ಗೇನ್ ಕಾಯ್ಲೆ?"

ಉಳಿದವರೂ ಹೌದೆಂದು ತಲೆಯಾಡಿಸಿದರು. ಬೆಳಿಗ್ಗೆ ಒಂದು, ಮಧ್ಯಾಹ್ನದ ಟೀಗೆ ಇನ್ನೊಂದು. ಗುತ್ತಿಗೆ ಕೆಲಸ ಇರುವಷ್ಟು ದಿನ, ವರ್ಷಾನುಗಟ್ಟಲೆ. ಎಲೆ ಅಡಿಕೆ, ಟೀಪುಡಿ, ಬೆಲ್ಲದ ಜೊತೆ ಅದನ್ನೂ ಮೇಸ್ತ್ರಿಯೇ ಹೊಂದಿಸಬೇಕು, ಅದು ಪದ್ಧತಿ. ಇಲ್ಲದಿದ್ದರೆ ದಿನವಿಡೀ ಬಗ್ಗಿದ ಸೊಂಟ ಮಾರನೆಯ ದಿನ ಬಗ್ಗುವುದಿಲ್ಲ. ಹೇಳಬೇಕೆಂದರೆ, ವಾಪಸ್ಸು ನಡೆಯುವಾಗ ನನ್ನ ಸೊಂಟದ ನೋವೂ ಹೋಗಿತ್ತು.

ಡಾಕ್ಟರಿಗೆ ಹೇಳಿದೆ. ಅವರು ನೀರಿನ ಬಾಟಲಿಗಳನ್ನು ಮೇಜಿನಿಂದ ಕೆಳಗಿಳಿಸಿದರು. ಅಂಥ ನೋವಿನ ಮಾತ್ರೆಯನ್ನು ದಿನಾ ನುಂಗಿ, ಬಿಸಿಲಲ್ಲಿ ನೀರು ಕಡಿಮೆ ಕುಡಿದು ದುಡಿದರೆ ಮೂತ್ರಪಿಂಡಕ್ಕೆ ಏನಾಗುತ್ತದೆ ಎನ್ನುವುದು ಅವರಿಗೆ ಹೊಸದಲ್ಲ. ಆ ವಾರವೇ ಪ್ರಶ್ನೆಯನ್ನು ಬದಲಾಯಿಸಿ, ಟೀ ಜೊತೆ ಏನೇನು ತಗೋತೀರಿ ಎಂದು ಸೇರಿಸಿದೆವು. ಹೊಸಬರು ಟ್ಯಾಬಿನಲ್ಲಿ ಆ ಪ್ರಶ್ನೆ ನೋಡಿ ನಗುತ್ತಾರಂತೆ. ನಕ್ಕು, ಕೇಳಿ.

ಕೆಂಪಮ್ಮನಿಗೆ ಹೇಳುವುದು ಮಾತ್ರ ಇಷ್ಟು ಸುಲಭವಾಗಲಿಲ್ಲ. ಇದನ್ನು ನಿಲ್ಲಿಸಿದರೆ ನಿಮ್ಮ ಉಳಿದ ಕಿಡ್ನಿ ಉಳಿಯುತ್ತೆ, ಇಲ್ಲದಿದ್ದರೆ ಮಿಷನ್ನಿಗೆ ಹಾಕಬೇಕು ಎಂದು ಬಿಡಿಸಿ ಹೇಳಿದೆ. ಅವಳು ಕೇಳಿಸಿಕೊಂಡಳು.

"ಸೊಂಟ ಇಡ್ಕಂಡ್ರೆ ಸಾಲು ನಿಲ್ತದೆ ಮೇಡಂ. ಸಾಲು ನಿಂತ್ರೆ ಗದ್ದೆಯವ್ರು ನಾಳೀಕೆ ಬೇರೆ ಗುಂಪ್ನ ಕರೀತಾರೆ. ಇವ್ರೆಲ್ಲ ನನ್ನ ನಂಬ್ಕಂಡ್ ಬಂದವ್ರೆ."

ಹೋದಾಗಲೆಲ್ಲ ಹೇಳಿದೆ. ಹೋಗಬೇಕಾದ ಕೆಲಸ ಇಲ್ಲದಿದ್ದಾಗಲೂ ಹೋಗಿ ಹೇಳಿದೆ. ಕೊನೆಗೆ ಒಂದು ದಿನ, ಗುಂಪಿನ ಚಿಕ್ಕವಳೊಬ್ಬಳ ರಕ್ತದ ಫಲಿತಾಂಶವೂ ಕೆಟ್ಟಿದೆ ಎಂದು ಹೇಳಿದಾಗ ಕೆಂಪಮ್ಮ ಅವಳ ಮನೆಯ ಕಡೆ ತಿರುಗಿ ನೋಡಿದಳು. ಆ ಹುಡುಗಿಗೆ ಮದುವೆಯಾಗಿ ವರ್ಷವಾಗಿರಲಿಲ್ಲ. "ಆಯ್ತು ಬುಡಿ. ನಿಲ್ಸ್ತೀನಿ" ಎಂದಳು.

ಮುಂದಿನ ನಾಟಿಗೆ ನಾನೇ ಹೋಗಿ ನೋಡಿದೆ. ಟೀ ಜೊತೆ ಬನ್ನು ಬಂತು. ಅಂಗೈಗೆ ಏನೂ ಬೀಳಲಿಲ್ಲ. ಹೆಂಗಸರು ಗೊಣಗಿದರು, ಒಬ್ಬಿಬ್ಬರು ಗುಂಪು ಬಿಟ್ಟರು, ಉಳಿದವರು ಸಂಜೆ ಬಿಸಿನೀರು ಹುಯ್ದುಕೊಂಡು ಸುಧಾರಿಸಿಕೊಂಡರು. ಸಾಲು ನಿಲ್ಲಲಿಲ್ಲ. ಬದುವಿನ ತುದಿಯಲ್ಲಿ ಕೆಂಪಮ್ಮ ಮೊದಲಿನ ಹಾಗೇ ಸರಿಯುತ್ತಿದ್ದಳು, ಬಯ್ಯುತ್ತಾ ಉಳಿದವರನ್ನೂ ಸರಿಸುತ್ತಿದ್ದಳು. ಹಿಂದೆ ಬಿದ್ದವರ ಪಾಲಿನ ಪೈರನ್ನೂ ತಾನೇ ಕೈ ಚಾಚಿ ನೆಟ್ಟುಬಿಡುತ್ತಿದ್ದಳು. ನನಗೆ ಹೆಮ್ಮೆಯಾಯಿತು. ಇಷ್ಟು ವರ್ಷ ಕ್ಯಾನ್ ಹೊತ್ತದ್ದಕ್ಕೆ ಒಂದು ಒಳ್ಳೆಯದು ನೋಡಿದೆ ಎಂದುಕೊಂಡೆ. ಡಾಕ್ಟರು ಮಾತ್ರೆ ನಿಲ್ಲಿಸುವ ಮುಂಚೆ, ನಿಲ್ಲಿಸಿದ ಮೇಲೆ ಎಂದು ಹೋಲಿಸಿ ಒಂದು ಲೇಖನಕ್ಕೆ ಸಿದ್ಧತೆ ಮಾಡಿಕೊಂಡರು.

ಮಾರನೆಯ ವರ್ಷ ರಕ್ತ ತೆಗೆದೆವು. ಗುಂಪಿನವರ ಫಲಿತಾಂಶ ಇದ್ದಲ್ಲೇ ನಿಂತಿತ್ತು, ಆ ಚಿಕ್ಕವಳದು ಸುಧಾರಿಸಿತ್ತು. ಕೆಂಪಮ್ಮನದು ಇನ್ನೂ ಕೆಳಗೆ ಹೋಗಿತ್ತು. ಡಾಕ್ಟರು ನನ್ನ ಮುಖ ನೋಡಿ, ಈ ಸಲ ನೀರಿನ ಹೆಸರು ಎತ್ತಲಿಲ್ಲ.

ಅವಳ ಮನೆಗೆ ಹೋದೆ. ಅಂಗಳದಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಕಾಲು ಊದಿತ್ತು. ಅದೃಷ್ಟಕ್ಕೆ ಸಭೆ ಸೇರಿರಲಿಲ್ಲ.

"ನೀನು ನಿಲ್ಲಿಸಲಿಲ್ಲ ಅಲ್ವಾ?" ಎಂದೆ. ಅಷ್ಟು ವರ್ಷದಲ್ಲಿ ಅವಳನ್ನು ಏಕವಚನದಲ್ಲಿ ಮಾತಾಡಿಸಿದ್ದು ಸಿಟ್ಟು ಬಂದಾಗ ಮಾತ್ರ.

"ಅವ್ರಿಗೆಲ್ಲ ನಿಲ್ಸಿದ್ನಲ್ಲ."

"ನಿನಗೆ?"

"ನಾನೂ ನಿಲ್ಸಿದ್ರೆ ಸಾಲು ಎಳ್ಯೋರ್ ಯಾರವ್ವ? ಅವ್ರು ನಿಧಾನ ಆಗೋದ್ರು. ಆ ಕೆಲ್ಸ ಯಾರಾರ ತುಂಬ್ಕಬೇಕಲ್ಲ. ಮೊದ್ಲು ಒಂದೊಂದು ತಗತಿದ್ದೆ, ಆಮೇಕೆ ಎರಡೆರಡು ತಗಂಡೆ." ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ಯಾರ್ಗೂ ಕಾಣ್ದಂಗೆ ತಗತಿದ್ದೆ. ಕಂಡ್ರೆ ಅವ್ರೂ ಕೇಳ್ತಾರೆ."

ನನಗೆ ಅವಳ ಮೇಲೆ ಬಂದ ಸಿಟ್ಟು ಬಾಯಿಗೆ ಬರುವಷ್ಟರಲ್ಲಿ ಅಳುವಾಗಿತ್ತು. ಮೂವತ್ತು ಊರು ಅಲೆದು ಗಟ್ಟಿಯಾದವಳು ಎಂದುಕೊಂಡಿದ್ದೆ. ಅವಳ ಅಂಗಳದಲ್ಲಿ ಕೂತು ಸೆರಗಿನಲ್ಲಿ ಮೂಗೊರಸಿಕೊಂಡೆ. ಅವಳು ಎದ್ದು ಹೋಗಿ ಟೀ ಕಾಯಿಸಿ ತಂದಳು.

ಅವತ್ತಿನಿಂದ ಅವಳೂ ನಿಲ್ಲಿಸಿದಳು, ಗದ್ದೆಯನ್ನೂ ಬಿಟ್ಟಳು. ಉಳಿದಿದ್ದದ್ದು ಸಾಕಾಗಲಿಲ್ಲ. ಒಂದೂವರೆ ವರ್ಷದಲ್ಲಿ ಡಯಾಲಿಸಿಸ್ ಶುರುವಾಯಿತು.

ಲೇಖನ ಪ್ರಕಟವಾಯಿತು. ನಾಟಿ ಕೆಲಸದ ಮಹಿಳೆಯರ ಗುಂಪಿನಲ್ಲಿ ನೋವಿನ ಮಾತ್ರೆ ನಿಲ್ಲಿಸಿದ್ದರಿಂದ ಮೂತ್ರಪಿಂಡದ ಹಾನಿ ಮುಂದುವರಿಯಲಿಲ್ಲ ಎಂದು ಅದರಲ್ಲಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಸೂಚನೆ ಪಾಲಿಸದ ಒಬ್ಬರನ್ನು ಲೆಕ್ಕದಿಂದ ಕೈಬಿಡಲಾಗಿದೆ ಎಂದೂ ಇದೆ. ನಾನು ಡಾಕ್ಟರ ಕೋಣೆಗೆ ಹೋಗಿ, ಉಳಿದವರು ಪಾಲಿಸಲು ಆದದ್ದು ಈ ಒಬ್ಬಳು ಪಾಲಿಸದೆ ಇದ್ದದ್ದರಿಂದ, ಅದನ್ನು ಬರೆಯಬೇಕಿತ್ತು ಎಂದೆ. ಅವರು ಕನ್ನಡಕ ತೆಗೆದಿಟ್ಟರು.

"ಅದಕ್ಕೆ ಲೇಖನದಲ್ಲಿ ಜಾಗ ಇಲ್ಲ ಗಿರಿಜಾ. ಜಾಗ ಇದ್ದಿದ್ರೆ ಬರೀತಿದ್ದೆ" ಎಂದರು. ಸುಳ್ಳು ಹೇಳುವ ಮನುಷ್ಯರಲ್ಲ. ಕೆಂಪಮ್ಮ ಮೈಸೂರಿಗೆ ಅಲೆಯುವುದು ತಪ್ಪಲಿ ಎಂದು ತಾಲ್ಲೂಕು ಆಸ್ಪತ್ರೆಯಲ್ಲೇ ಅವಳಿಗೆ ಡಯಾಲಿಸಿಸ್ ಆಗುವ ಹಾಗೆ ಓಡಾಡಿದವರೂ ಅವರೇ. ಆದರೂ ಆ ಸಣ್ಣ ಅಕ್ಷರದ ಸಾಲನ್ನು ನಾನು ಅವರಿಗೆ ಕ್ಷಮಿಸಿಲ್ಲ.

ನಿವೃತ್ತಿಯಾದ ಮೇಲೆ ಬಿಡುವಿದ್ದಾಗ ನಂಜನಗೂಡಿನಿಂದ ಬಸ್ಸು ಹಿಡಿದು ತಿ. ನರಸೀಪುರಕ್ಕೆ ಹೋಗಿ ಅವಳ ಹಾಸಿಗೆಯ ಪಕ್ಕ ಕೂರುತ್ತೇನೆ. ಗುಂಪಿನ ಹೆಂಗಸರಲ್ಲಿ ಯಾರಾದರೊಬ್ಬರು ಜೊತೆಗೆ ಬಂದಿರುತ್ತಾರೆ. ಮೊನ್ನೆ ಆ ಚಿಕ್ಕವಳು ಬಂದಿದ್ದಳು, ಈಗ ಅವಳೇ ಮೇಸ್ತ್ರಿ. ನಾಟಿ ಎಲ್ಲಿಗೆ ಬಂತು ಎಂದು ಕೆಂಪಮ್ಮ ಮಲಗಿದ್ದಲ್ಲಿಂದಲೇ ವಿಚಾರಿಸಿಕೊಂಡಳು.

ಆ ಚಿಕ್ಕವಳು ಟೀ ಕುಡಿಯಲು ಹೊರಗೆ ಹೋದಾಗ, ಗುಂಪಿನವರು ಈಗ ಮಾತ್ರೆ ಇಲ್ಲದೆ ಹೇಗೆ ಮಾಡುತ್ತಾರೆ ಎಂದು ಕೆಂಪಮ್ಮನನ್ನು ಕೇಳಿದೆ.

"ಈಗ ಒಬ್ಳೇ ಸಾಲು ಎಳ್ಯಲ್ಲ. ಈ ಗದ್ದೇಲಿ ಒಬ್ಳು ಎಳದ್ರೆ ಆ ಗದ್ದೇಲಿ ಇನ್ನೊಬ್ಳು. ಸೊಂಟ ಇಡ್ಕಂಡೋಳು ವಸಿ ಒತ್ತು ಬದುವಿನ್ ಮೇಲ್ ನಿಂತ್ಕಂಡು ಪೈರಿನ ಕಟ್ಟು ಎಸೀತಾಳೆ. ವಸಿ ತಡ ಆಯ್ತದೆ, ಗದ್ದೆಯವ್ರು ಏನೂ ಅನ್ನಕಿಲ್ವಂತೆ."

"ಎಷ್ಟು ಸುಲಭ. ಇದನ್ನ ಆವಾಗ್ಲೇ ಮಾಡಬಹುದಿತ್ತಲ್ಲ ಕೆಂಪಮ್ಮ?"

ಕೊಳವೆ ಚುಚ್ಚಿದ್ದ ಕೈಯನ್ನು ಅಲುಗಿಸದೆ ಅವಳು ನನ್ನ ಕಡೆ ತಿರುಗಿದಳು.

"ಆವಾಗ ನಾನಿದ್ನಲ್ಲವ್ವ" ಎಂದಳು.